ನಾಯಿ ಗೆಯ್ದ ಪಾಪ: ಆತಕೂರಿನ ಶಾಸನವೂ ಬೇಟೆಯ ವಿಷಯದಲ್ಲಿ ನಾಡಿನ ಮನೋಭಾವವೂ

ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನಲ್ಲಿ ಆತಗೂರು ಎಂಬ ಊರುಂಟು. ಶಾಸನದಲ್ಲಿ ಇದರ ಹೆಸರು ಅತುಕೂರು. ವಿದ್ವಾಂಸರ ಬರೆವಣಿಗೆಯಲ್ಲಿ ಆತಕೂರು ಎಂಬ ರೂಪವು ನೆಲೆಗೊಂಡಿದೆ. ಇಲ್ಲಿಯ ಚಲ್ಲೇಶ್ವರ ದೇವಾಲಯದ ಮುಂದೆ ನೆಡಲ್ಪಟ್ಟು, ಈಗ ಬೆಂಗಳೂರಿನ ಸರಕಾರೀ ವಸ್ತುಸಂಗ್ರಹಾಲಯದಲ್ಲಿರುವ ಕಲ್ಲೊಂದು ದಕ್ಷಿಣ ಹಿಂದೂಸ್ಥಾನದ ಇತಿಹಾಸವನ್ನು ಅಭ್ಯಾಸ ಮಾಡುವವರೆಲ್ಲರಿಗೂ ಪರಿಚಿತವಾದದ್ದೇ ಆಗಿದೆ. ರೈಸ್ ಸಾಹೇಬರು 1894ರಲ್ಲಿ ಹೊರಟ ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಇದನ್ನು ಸೇರಿಸಿದರು. ಫ್ಲೀಟ್ ಸಾಹೇಬರು ಎಪಿಗ್ರಾಫಿಯ ಇಂಡಿಕದಲ್ಲಿ ಸವಿಸ್ತಾರವಾಗಿ ಚರ್ಚಿಸಿದರು. ಶಕ 872, ಸೌಮ್ಯ ಸಂವತ್ಸರ, ಎಂದರೆ ಕ್ರಿ. ಶ. 949–50, ಇದರ ಕಾಲ. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಗೆದ್ದ ವಿಚಾರ, ಆ ಯುದ್ಧದಲ್ಲಿ ಗಂಗ ಬೂತುಗನು ರಾಜಾದಿತ್ಯನನ್ನು ಕೊಂದ ವಿಚಾರ, ಅದಕ್ಕಾಗಿ ಬೂತುಗನಿಗೆ ಬನವಾಸಿ 12000, ಬೆಳ್ವೊಲ 300, ಪುಲಿಗೆರೆ 300 ಮೊದಲಾದ ನಾಡುಗಳು ದೊರೆತ ವಿಚಾರ, ಇವೆಲ್ಲಕ್ಕೂ ಈ ಕಲ್ಲೇ ಮುಖ್ಯವಾದ ಆಧಾರ. ಇತಿಹಾಸಕಾರರು ಇಷ್ಟನ್ನು ತೆಗೆದುಕೊಂಡು ಮಿಕ್ಕುದನ್ನು ಕೇವಲ ವಿನೋದದ ಸಂಗತಿಯೆಂದು ಬಿಟ್ಟುಬಿಡುವುದು ವಾಡಿಕೆಯಾಗಿದೆ. ಆದರೆ ಕಲ್ಲನ್ನು ನೆಡಿಸಿದವನ ಉದ್ದೇಶವನ್ನು ನೋಡಿದರೆ ಚಕ್ರವರ್ತಿಯ ಯುದ್ಧವು ಇಲ್ಲಿ ಪೀಠಿಕೆಯೇ ಹೊರತು ವಿಷಯವಲ್ಲ. ಕಲ್ಲಿನ ವಿಷಯವು ಒಂದು ನಾಯಿ.

ಬೂತುಗನ ಪರಿವಾರದಲ್ಲಿ ಮಣಲೆರನೆಂಬ ವೀರನಿದ್ದನು. ಸಗರವಂಶದವನೆಂದೂ ವಲಭೀಪುರದ ಒಡೆಯನೆಂದೂ ಬಿರುದುಗಳನ್ನು ಹೊತ್ತವನು. ಚೋಳರೊಡನೆ ಆದ ಯುದ್ಧದಲ್ಲಿ ಅವನ ಪರಾಕ್ರಮಕ್ಕೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡಿಕೊಳ್ಳೆಂದಾಗ ಅವನು ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಬಾಳ್ಗಚ್ಚಾಗಿ, ಎಂದರೆ ಕತ್ತಿಯನ್ನು ತೊಳೆದುದಕ್ಕೆ ಕೊಡುವ ಉಂಬಳಿಯಾಗಿ, ಅತುಕೂರು ಹನ್ನೆರಡೂ ಬೆಳ್ವೊಲದಲ್ಲಿ ಒಂದು ಊರೂ ಅವನಿಗೆ ದೊರೆತುವೆಂದು ಅದೇ ಕಲ್ಲು ಹೇಳುತ್ತದೆ. ಆದರೆ ಅವು ಒಡೆಯನು ಕೊಟ್ಟವು, ನಾಯಿಯು ಅವನು ಬೇಡಿ ಪಡೆದುದು. ಮುಂದೆ ಕೆಲಲೆನಾಡಿನ ಬೆಳತೂರಿನ ಪಡುವಣ ದಿಕ್ಕಿನ ಮೊರಡಿಯಲ್ಲಿ ಕಾಳಿಯನ್ನು ದೊಡ್ಡದೊಂದು ಹಂದಿಯ ಮೇಲೆ ಬಿಟ್ಟಾಗ ನಾಯಿಯೂ ಹಂದಿಯೂ ಒಡನೆ ಸತ್ತುವು. ಅದಕ್ಕಾಗಿ ಚಲ್ಲೇಶ್ವರದ ಮುಂದೆ ಕಲ್ಲನ್ನು ನೆಡಿಸಿ, ಹಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಮಣ್ಣನ್ನು ಬಿಡಲಾಯಿತು. ಕಲ್ಲಿನ ತಲೆಯಲ್ಲಿ ನಾಯಿಯೂ ಹಂದಿಯೂ ಹೋರಾಡುತ್ತಿರುವ ಶಿಲ್ಪವಿದೆ.

ಇಲ್ಲಿಗೆ ಮುಗಿದಿದ್ದರೆ ಈ ಶಾಸನವು ಒಬ್ಬ ಬೇಟೆಗಾರನ ಮಮತೆಯ ಕುರುಹಾಗಿ ಮಾತ್ರ ಉಳಿಯುತ್ತಿದ್ದಿತು. ಆದರೆ ಕೊನೆಯ ಶಾಪವಾಕ್ಯವು ವಿಚಾರಾರ್ಹವಾಗಿದೆ. ಆ ಮಣ್ಣನ್ನು ಅಳಿದವನು, ಅವನು ನಾಡನ್ನು ಆಳುವವನಾಗಲಿ ಊರನ್ನು ಆಳುವವನಾಗಲಿ, ಆ ನಾಯಿಯು ಮಾಡಿದ ಪಾಪವನ್ನು ಪಡೆಯುವನು. ಆ ಸ್ಥಾನವನ್ನು ಆಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನೂ ಆ ನಾಯಿಯು ಮಾಡಿದ ಪಾಪವನ್ನು ಪಡೆಯುವನು. ದತ್ತಿಗೆ ಅಳಿವು ತಂದವರಿಗೆ ವಾರಣಾಸಿಯಲ್ಲಿ ಕವಿಲೆಯನ್ನೂ ಬ್ರಾಹ್ಮಣರನ್ನೂ ಕೊಂದ ಪಾಪವೆಂದು ಹೇಳುವುದು ಕನ್ನಡ ಶಾಸನಗಳ ಸಾಮಾನ್ಯ ಪದ್ಧತಿ. ಆ ಪದ್ಧತಿಯನ್ನು ಬಿಟ್ಟು, ಯಾವ ನಾಯಿಯನ್ನು ಪೂಜಿಸಬೇಕೆಂದು ಕಲ್ಲು ನೆಟ್ಟರೋ ಆ ನಾಯಿಯ ಕೃತ್ಯವನ್ನೇ ಪಾಪವೆಂದು ಕರೆದಿರುವುದೇತಕ್ಕೆ?

ಶಾಸನದ ಒಂದು ಪದದ ಅರ್ಥವು ಒಬ್ಬ ಮನುಷ್ಯನ ಕೀರ್ತಿಯನ್ನೇ ತಲೆಕೆಳಗು ಮಾಡಬಲ್ಲುದೆಂಬುದಕ್ಕೆ ಈ ಕಲ್ಲೇ ಸಾಕ್ಷಿ. ಬೂತುಗನು ರಾಜಾದಿತ್ಯನನ್ನು ಕೊಂದ ಸಂದರ್ಭದಲ್ಲಿ ಬರುವ ‘ಬಿಸುಗೆ’ ಎಂಬ ಪದಕ್ಕೆ ಆಲಿಂಗನವೆಂದೂ, ಅದರ ಮುಂದಿನ ಪದಕ್ಕೆ ಕಳ್ಳತನವೆಂದೂ ಮೊದಲು ಅರ್ಥಮಾಡಿದ್ದುದರಿಂದ ಬೂತುಗನು ಮೋಸದಿಂದ ಅಪ್ಪಿಕೊಂಡು ತಿವಿದನೆಂಬ ಅಪವಾದವು ಬಹುಕಾಲ ನಿಂತಿತು. ಬಿಸುಗೆಯೆಂದರೆ ಆನೆಯ ಮೇಲಣ ಅಂಬಾರಿ, ಮುಂದಿನದು ‘ಕಳನ್’ ಎಂದರೆ ರಣಭೂಮಿ, ಅಂಬಾರಿಯನ್ನೇ ರಣಭೂಮಿಯಾಗಿ ಮಾಡಿಕೊಂಡು ಸುರಿಗೆಯಿಂದ ಇರಿದು ಕಾದಿದನು ಎಂದು ತಿಳಿದ ಮೇಲೆ ಅಪವಾದವು ಹೋಯಿತು. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂದು ಚೋಳರ ತಾಮ್ರಶಾಸನವೂ ಹೇಳುವುದರಿಂದ ಈ ಅರ್ಥವು ಗಟ್ಟಿಯಾಗಿದೆ. ಬೂತುಗನ ಪಾಪವನ್ನು ಹೀಗೆ ತೊಳೆದ ವಿದ್ವಾಂಸರು ಕಾಳಿಯ ಪಾಪದ ಗೋಜಿಗೆ ಹೆಚ್ಚಾಗಿ ಹೋಗಲಿಲ್ಲ.

ಕಾಳಿಯ ಪಾಪವೆಂದರೇನು ಎಂಬುದಕ್ಕೆ ಮೂರು ಬಗೆಯ ಉತ್ತರಗಳು ಸಾಧ್ಯ. ನಾಯಿಯ ಜನ್ಮವೇ ಹೀನವಾದುದರಿಂದ ‘ನಾಯಿಯ ಪಾಪ’ ಎಂಬುದು ಬರಿಯ ಬೈಗುಳವೆಂದು ಹೇಳಬಹುದು. ಆದರೆ ಶಾಸನದಲ್ಲಿರುವುದು ನಾಯಿಯಾಗಿ ಹುಟ್ಟಿದ ಪಾಪವಲ್ಲ, ನಾಯಿಯು ‘ಗೆಯ್ದ’ ಪಾಪ. ಹುಟ್ಟನ್ನು ಯಾರೂ ಗೆಯ್ಯುವುದಿಲ್ಲ. ಮೇಲಾಗಿ ಬೈಗುಳವೆಂದು ತಿಳಿದರೆ ಒಂದೇ ವಾಕ್ಯದಲ್ಲಿ ಪೂಜೆಯೂ ನಿಂದೆಯೂ ಸೇರಿ ಮಣಲೆರನ ಮಮತೆಗೆ ವಿರುದ್ಧವಾಗುತ್ತದೆ. ಎರಡನೆಯದಾಗಿ, ಬರೆದವನು ಕವಿಲೆಯ ಸ್ಥಾನದಲ್ಲಿ ನಾಯಿಯನ್ನು ಇಟ್ಟು ಸೂತ್ರವನ್ನು ಸಡಿಲವಾಗಿ ಉಪಯೋಗಿಸಿದನೆಂದು ಊಹಿಸಬಹುದು; ಹಾಗಿದ್ದರೆ ನಾಯಿಯನ್ನು ಕೊಂದ ಪಾಪ ಎಂದಿರಬೇಕಾಗಿತ್ತು. ಉಳಿದದ್ದು ಮೂರನೆಯ ಅರ್ಥ: ಕಲ್ಲಿನಲ್ಲಿ ಕಾಳಿಯ ಕೃತ್ಯವಾಗಿ ಹೇಳಿರುವುದು ಒಂದೇ ಒಂದು, ಹಂದಿಯನ್ನು ಕೊಂದುದು, ಆದಕಾರಣ ಪಾಪವೂ ಅದೇ. ಯುದ್ಧದಲ್ಲಿ ಮಡಿದವರ ವೀರಗಲ್ಲುಗಳಲ್ಲಿ ದೇವಾಂಗನೆಯರು ಅವರನ್ನು ಸ್ವರ್ಗಕ್ಕೆ ಒಯ್ಯುವುದು ಸಾಮಾನ್ಯ. ಕಾಳಿಗೆ ಸ್ವರ್ಗಪ್ರಾಪ್ತಿಯಾಯಿತೆಂಬ ಮಾತು ಈ ಪಾಠದಲ್ಲಿ ಇಲ್ಲವೆಂಬುದನ್ನೂ ಗಮನಿಸತಕ್ಕದ್ದು.

ಹೀಗೆ ಅರ್ಥಮಾಡಿದರೆ ದತ್ತಿಯ ಸ್ವರೂಪವೂ ತಿಳಿಯಾಗುತ್ತದೆ. ಸತ್ತವರ ಪುಣ್ಯಕ್ಕಾಗಿ ಭೂಮಿಯನ್ನು ಬಿಡುವುದು ನಾಡಿನ ರೂಢಿ. ಕೆರೆಯ ಕೆಳಗಣ ಮಣ್ಣಿನ ದಾನದಿಂದ ಕಾಳಿಯ ಮೇಲಿದ್ದ ಕೊಲೆಯ ದೋಷವು ಕಳೆಯಿತು. ದಾನವನ್ನು ಯಾವನು ಮುರಿಯುವನೋ ಆ ದೋಷವು ಇಳಿದು ಅವನ ತಲೆಗೆ ಏರುವುದು. ಬೇಟೆಗಾರನು ತನ್ನ ನಾಯಿಯ ಶೌರ್ಯವನ್ನು ಮೆಚ್ಚಿದನು, ಅದರ ಸಾವಿಗೆ ಮರುಗಿದನು, ಆದರೆ ಅದು ಮಾಡಿದುದು ಪಾಪವಲ್ಲವೆಂದು ಹೇಳಲು ಹೋಗಲಿಲ್ಲ. ಹೊರಗಿನವರ ನಿಂದೆಯಾಗಿ ಬಂದ ಮಾತಲ್ಲ ಇದು. ಬೇಟೆಯ ಮನೆಯೊಳಗಿನಿಂದಲೇ ಹೊರಟದ್ದು. ನಾಯಿಯನ್ನು ಹಂದಿಯ ಮೇಲೆ ಬಿಟ್ಟವನ ಪಾಪದ ಮಾತು ಎಲ್ಲಿಯೂ ಬರುವುದಿಲ್ಲವೆಂಬುದು ಬೇರೆಯ ಸಂಗತಿ. ಒಡೆಯರ ದೋಷವನ್ನು ಆಳುಗಳ ಲೆಕ್ಕಕ್ಕೆ ಬರೆಯುವುದು ಹತ್ತನೆಯ ಶತಮಾನಕ್ಕೆ ಮಾತ್ರ ಸೀಮಿತವಾದ ಅಭ್ಯಾಸವೇನೂ ಅಲ್ಲ.

ಮೃಗವೂ ಪಾಪವನ್ನು ಗೆಯ್ಯಬಲ್ಲುದೆಂಬ ಭಾವನೆ ಆ ಕಾಲದಲ್ಲಿ ಪ್ರಚಾರದಲ್ಲಿತ್ತೆ ಎಂದು ಸಂಶಯಪಡುವವರು ಸೋಮದೇವಸೂರಿಯ ಯಶಸ್ತಿಲಕವನ್ನು ನೆನೆಯಬೇಕು. ಈ ಸಂಸ್ಕೃತ ಚಂಪುವು ಶಕ 881ರಲ್ಲಿ, ಎಂದರೆ ಕ್ರಿ. ಶ. 959ರಲ್ಲಿ, ಅದೇ ಮೂರನೆಯ ಕೃಷ್ಣನು ಚೋಳಾದಿಗಳನ್ನು ಗೆದ್ದು ಮೇಲ್ಪಾಟಿಯಲ್ಲಿ ಬೀಡುಬಿಟ್ಟಿದ್ದಾಗ ಮುಗಿಯಿತೆಂದು ಕವಿಯೇ ಹೇಳಿದ್ದಾನೆ. ತಕ್ಕೋಲದ ಗೆಲವಿನಿಂದ ಕಾಳಿಯ ಕಲ್ಲು ಹುಟ್ಟಿ ಹತ್ತು ವರ್ಷವಾಗುವುದರೊಳಗೆ, ಆ ಗೆಲವಿನ ಮುಂದುವರಿಕೆಯ ಕಾಲದಲ್ಲಿಯೇ ಈ ಕಾವ್ಯವು ಹುಟ್ಟಿತು. ಅದರ ಕಥೆಯು ಯಶೋಧರನದು. ಕನ್ನಡದಲ್ಲಿ ಅದನ್ನು ಜನ್ನನು 1209ರಲ್ಲಿ ಯಶೋಧರ ಚರಿತೆಯಾಗಿ ಬರೆದನು. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಗಾಗಿ ಯಶೋಧರನು ನವಿಲಾಗಿಯೂ ಅವನ ತಾಯಿ ಚಂದ್ರಮತಿಯು ನಾಯಿಯಾಗಿಯೂ ಹುಟ್ಟುತ್ತಾರೆ. ನಾಯಿಯಾದ ತಾಯಿಯು ನವಿಲಾದ ಮಗನನ್ನು ಕೊಲ್ಲುತ್ತಾಳೆ. ಒಂದು ಹಿಂಸೆಯು ಮತ್ತೊಂದನ್ನು ಹಡೆಯುತ್ತ ಭವಾವಳಿಯು ಬೆಳೆಯುತ್ತದೆ. ಕೊನೆಯಲ್ಲಿ ಯಶೋಮತಿ ರಾಜನು ಬೇಟೆಗೆ ಹೊರಟಾಗ ಸುದತ್ತ ಮುನಿಯು ಎದುರಾದನೆಂದು ಕನಲಿ ನಾಯಿಗಳನ್ನು ಛೂಬಿಡುತ್ತಾನೆ. ನಾಯಿಗಳು ಮುನಿಯ ಮುಂದೆ ಶಾಂತವಾಗುತ್ತವೆ. ಆತಕೂರಿನ ನಾಯಿಯು ಒಡೆಯನು ಬಿಟ್ಟ ಕಡೆಗೆ ಹೋಗಿ ಸತ್ತು ಕೀರ್ತಿಯನ್ನು ಪಡೆಯಿತು. ಜೈನಕಥೆಯ ನಾಯಿಗಳು ಒಡೆಯನ ಮಾತನ್ನು ಮೀರಿ ಅವನಿಗಿಂತ ಮೇಲಾದುವು.

ಮಣಲೆರನು ಆಶ್ರಯಿಸಿದ ಗಂಗರ ಮನೆ ಇವೆರಡು ಭಾವನೆಗಳ ನಡುವೆಯೇ ಬಾಳಿತು. ಬೂತುಗನ ಮಗ ಮಾರಸಿಂಹನು ಅನೇಕ ಯುದ್ಧಗಳಲ್ಲಿ ಗೆದ್ದು, ಕಡೆಗೆ ರಾಜ್ಯವನ್ನು ತೊರೆದು, ಬಂಕಾಪುರದಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನೆಂದು ಶ್ರವಣಬೆಳ್ಗೊಳದ ಕಂಭದ ಶಾಸನವು ತಿಳಿಸುತ್ತದೆ. ಅವನ ಮಂತ್ರಿಯಾಗಿದ್ದ ಚಾವುಂಡರಾಯನೇ ಗೊಮ್ಮಟೇಶ್ವರನನ್ನು ನಿಲ್ಲಿಸಿದವನು. ಹೆಜ್ಜೆಯಿಡುವಾಗ ಇರುವೆಗೂ ಅಂಜುವ ಗುರುಗಳನ್ನು ಮನೆಯಲ್ಲಿಯೂ, ಹಂದಿಬೇಟೆಯ ಪರಿವಾರವನ್ನು ಅಂಗಳದಲ್ಲಿಯೂ ಇಟ್ಟುಕೊಂಡಿದ್ದ ಆ ಅರಸುಮನೆಯ ನೆರಳಿನಲ್ಲಿ ನಾಯಿಗೆ ಪೂಜೆಯೂ ನಾಯಿಗೆ ಪಾಪವೂ ಒಂದೇ ಕಲ್ಲಿನಲ್ಲಿ ಕೂಡಿದ್ದು ಆಶ್ಚರ್ಯವಲ್ಲ.

ಆದರೂ ಕಲ್ಲು ನಿಂತದ್ದು ಬಸದಿಯ ಮುಂದೆ ಅಲ್ಲ, ಶಿವಾಲಯದ ಮುಂದೆ. ಶೈವಸಂಪ್ರದಾಯವು ಬೇಟೆಗಾರನನ್ನು ಹೊರಗೆ ನಿಲ್ಲಿಸಲಿಲ್ಲ. ಕಿರಾತಾರ್ಜುನೀಯ ಪ್ರಸಂಗದಲ್ಲಿ ಶಿವನೇ ಬೇಡನಾಗಿ ಬಂದು ಒಂದು ಹಂದಿಯ ವಿಷಯದಲ್ಲಿ ಅರ್ಜುನನೊಡನೆ ಕಾದುತ್ತಾನೆ. ಹರಿಹರನ ರಗಳೆಯ ಕಣ್ಣಪ್ಪನು ಬೇಟೆಯನ್ನು ಬಿಟ್ಟು ಭಕ್ತನಾದವನಲ್ಲ. ಬೇಟೆಯ ಮಾಂಸವನ್ನೇ ಶಿವನಿಗೆ ನೈವೇದ್ಯವಾಗಿ ತಂದವನು. ಅದನ್ನು ನೋಡಿ ಹೇಸಿದವನು ಅರ್ಚಕ. ಆತಕೂರಿನ ಗೊರವನ ಪಾಡನ್ನು ಈ ದೃಷ್ಟಿಯಿಂದ ನೋಡಬೇಕು. ಇಲ್ಲಿ ಗೊರವನೆಂದರೆ ಶೈವತಪಸ್ವಿ, ದೇವಾಲಯದ ಸ್ಥಾನಿಕ. ನಾಯಿಯಂತೆ ಬೊಗಳಿ ದೋಣಿಯಲ್ಲಿ ಉಣ್ಣುವ ಮೈಲಾರಲಿಂಗನ ಗೊರವರೊಡನೆ ಅವನನ್ನು ಬೆರೆಸಬಾರದು. ತಾನು ಬೇಟೆಯಾಡದ, ಹಂದಿಯನ್ನು ತಿಂದನೆಂದು ಹೇಳಲು ಆಧಾರವಿಲ್ಲದ ಈ ತಪಸ್ವಿಯು ಪ್ರತಿದಿನ ಊಟಕ್ಕೆ ಮೊದಲು ಒಂದು ಬೇಟೆನಾಯಿಯ ಕಲ್ಲಿಗೆ ಪೂಜೆ ಮಾಡಬೇಕೆಂದು ಕಟ್ಟಳೆಯಾಯಿತು. ನಾಯಿಯು ಅಶುಚಿಯೆಂದು ಧರ್ಮಶಾಸ್ತ್ರಗಳು ಎಷ್ಟು ಕಡೆ ಹೇಳಿಲ್ಲ! ಪೂಜೆಯನ್ನು ಬಿಡುವ ಮನಸ್ಸು ಗೊರವನಿಗೆ ಬಂದೀತೆಂದು ಮಣಲೆರನಿಗೆ ಶಂಕೆಯಿದ್ದುದರಿಂದಲೇ ಶಾಪದಲ್ಲಿ ಅವನನ್ನು ಬೇರೆಯಾಗಿ ಹೆಸರಿಸಿದ್ದು. ಬೇಟೆಗಾರನಿಗೂ ಬೇಟೆಯಾಡದವನಿಗೂ ಇರುವ ಮನಸ್ಸಿನ ಅಂತರವನ್ನು ಕಲ್ಲಿನ ಕರಾರಿನಿಂದ ಮುಚ್ಚಿದ ಉದಾಹರಣೆಯಿದು.

ಶಾಸ್ತ್ರಕಾರರಲ್ಲಿಯೂ ಈ ವಿಷಯದಲ್ಲಿ ಏಕಾಭಿಪ್ರಾಯವಿರಲಿಲ್ಲ. ಮನುವು ಕಾಮಜವಾದ ಹತ್ತು ವ್ಯಸನಗಳಲ್ಲಿ ಬೇಟೆಯನ್ನು ಮೊದಲು ಎಣಿಸಿ, ಕುಡಿತ, ಜೂಜು, ಸ್ತ್ರೀಯರು ಇವುಗಳೊಡನೆ ಅದನ್ನು ಅತಿ ಕೆಟ್ಟ ನಾಲ್ಕರಲ್ಲಿ ಸೇರಿಸುತ್ತಾನೆ. ಅರ್ಥಶಾಸ್ತ್ರದಲ್ಲಿ ಪಿಶುನನು ಜೂಜಿಗಿಂತಲೂ ಬೇಟೆಯೇ ಕೆಡುಕೆಂದು ವಾದಿಸಿ ಕಳ್ಳರು, ಹಗೆಗಳು, ಕಾಡ್ಗಿಚ್ಚು, ದಿಕ್ಕು ತಪ್ಪುವುದು, ಹಸಿವು, ಬಾಯಾರಿಕೆ ಎಂದು ಅಪಾಯಗಳನ್ನು ಪಟ್ಟಿಮಾಡುತ್ತಾನೆ. ಕೌಟಿಲ್ಯನು ಒಪ್ಪುವುದಿಲ್ಲ: ಬೇಟೆಯಿಂದ ವ್ಯಾಯಾಮವಾಗುತ್ತದೆ, ಕಫಪಿತ್ತಗಳೂ ಕೊಬ್ಬೂ ಕರಗುತ್ತವೆ, ಓಡುವ ಗುರಿಗೂ ನಿಂತ ಗುರಿಗೂ ಕೈ ಪಳಗುತ್ತದೆ, ಸಿಟ್ಟಿನಲ್ಲಿಯೂ ಹೆದರಿಕೆಯಲ್ಲಿಯೂ ಮೃಗಗಳ ಮನಸ್ಸು ಹೇಗಿರುವುದೆಂದು ತಿಳಿಯುತ್ತದೆ ಎನ್ನುತ್ತಾನೆ. (ಈ ಗ್ರಂಥವನ್ನು ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಗುರುತಿಸಿ 1909ರಲ್ಲಿ ಮುದ್ರಿಸಿದವರು ಶಾಮಶಾಸ್ತ್ರಿಗಳು.) ಇಬ್ಬರ ವಾದವೂ ರಾಜನ ಹಿತಾಹಿತವನ್ನು ಹಿಡಿದು ನಡೆಯುತ್ತದೆ, ಮೃಗದ ನೋವಿನ ಮಾತು ಇಬ್ಬರಲ್ಲಿಯೂ ಇಲ್ಲ. ಕಾಳಿದಾಸನಲ್ಲಿ ಮಾತ್ರ ಆ ನೋವು ಆಶ್ರಮದ ಜಿಂಕೆಯನ್ನು ಕೊಲ್ಲಬೇಡವೆಂದು ತಡೆದ ತಪಸ್ವಿಯ ಬಾಯಿಂದ ಕೇಳಿಬರುತ್ತದೆ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲವನ್ನು ಪಾಠ ಹೇಳುವ ಉಪಾಧ್ಯಾಯರಿಗೆ ಎರಡನೆಯ ಅಂಕದ ಸೊಗಸು ತಿಳಿದೇ ಇದೆ: ವಿದೂಷಕನು ಕಾಡು ಸುತ್ತಿ ಮೈ ನೊಂದು ಬೇಟೆಯನ್ನು ಶಪಿಸುತ್ತಾನೆ, ಸೇನಾಪತಿಯು ಅದನ್ನು ಹೊಗಳುತ್ತಾನೆ, ರಾಜನು ಪ್ರೇಮದಿಂದ ಮೆತ್ತಗಾಗಿ ಬೇಟೆಯನ್ನು ನಿಲ್ಲಿಸುತ್ತಾನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನಾದರೋ ಮಾನಸೋಲ್ಲಾಸದಲ್ಲಿ ಮೃಗಯೆಯನ್ನೂ ಸಾರಮೇಯವಿನೋದವನ್ನೂ ರಾಜನ ವಿನೋದಗಳಲ್ಲಿ ಸೇರಿಸಿ, ನಾಯಿಗಳ ಲಕ್ಷಣವನ್ನು ಕುದುರೆಯ ಲಕ್ಷಣದಷ್ಟೇ ಆದರದಿಂದ ಹೇಳಿದನು. ಮಣಲೆರನು ಅವನ ಆಸ್ಥಾನದಲ್ಲಿದ್ದಿದ್ದರೆ ಪಾಪದ ಮಾತು ಕಲ್ಲಿಗೆ ಬರುತ್ತಿತ್ತೋ ಇಲ್ಲವೋ.

ಅರಸರ ವಿನೋದ, ಮುನಿಗಳ ಅಹಿಂಸೆ ಇವೆರಡಕ್ಕೂ ಸೇರದ ಮೂರನೆಯವನೊಬ್ಬನು ಎಲ್ಲ ಕಾಲದಲ್ಲಿಯೂ ಇದ್ದನು. ಹಂದಿಯು ಯಾರ ಹೊಲವನ್ನು ಅಗೆಯುತ್ತಿತ್ತೋ ಆ ಒಕ್ಕಲಿಗ. ಅಟ್ಟಣೆಯ ಮೇಲೆ ಕುಳಿತು ಕವಣೆ ಬೀಸಿ ತಮಟೆ ಬಡಿದು ರಾಗಿಯನ್ನು ಕಾಯುತ್ತಿದ್ದವನಿಗೆ ಹಂದಿಯ ಸಾವು ಪಾಪವೂ ಅಲ್ಲ, ವಿನೋದವೂ ಅಲ್ಲ. ಅದು ಒಂದು ಇರುಳಿನ ನಿದ್ದೆ. ಯುಗಾದಿಯ ಮರುದಿನ ಹೊಸತೊಡಕಿನಂದು ಹಳೆಯ ಮೈಸೂರು ಸೀಮೆಯ ಹಳ್ಳಿಗರು ಬಲೆ, ದೊಣ್ಣೆ, ನಾಯಿಗಳೊಡನೆ ಕೂಡಿ ಹೊರಟು, ಪೊದೆಗಳನ್ನು ಸೋವಿ ಮೊಲ ಹಂದಿಗಳನ್ನು ಹಿಡಿದು ಪಾಲು ಹಂಚಿಕೊಳ್ಳುತ್ತಿದ್ದ ವಾಡಿಕೆ ಇತ್ತು. ಬೇಟೆಯು ನಿಂತ ಮೇಲೆಯೂ ಆ ದಿನದ ಮಾಂಸದ ಅಡಿಗೆಯು ಮಂಡ್ಯದ ಸೀಮೆಯಲ್ಲಿ ತಪ್ಪಿಲ್ಲ. ಬೆಳತೂರಿನ ಮೊರಡಿಯಲ್ಲಿ ಬಿದ್ದ ಹಂದಿಗಾಗಿ ಸುತ್ತಣ ರೈತರು ಕಾಳಿಯನ್ನು ಹೊಗಳಿರಬೇಕು. ಅವರು ಕಲ್ಲು ನೆಡಿಸುವಷ್ಟು ಉಳ್ಳವರಾಗಿರಲಿಲ್ಲ, ಅವರ ಮಾತು ಉಳಿಯಲಿಲ್ಲ.

ಕನ್ನಂಬಾಡಿಯ ಕಟ್ಟೆಯಿಂದ ನಾಲೆ ಬಂದು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಏರ್ಪಟ್ಟು, ಮಂಡ್ಯ ಮದ್ದೂರು ಮಳವಳ್ಳಿಗಳ ಹೊಲಗಳಲ್ಲಿ ಕಬ್ಬು ಹಬ್ಬಿದ ಮೇಲೆ ಹಂದಿಗೆ ಮೊರಡಿಯ ಅಗತ್ಯ ಕಡಮೆಯಾಯಿತು. ಆಳೆತ್ತರದ ಕಬ್ಬೇ ಅದಕ್ಕೆ ಮರೆಯೂ ಮೇವೂ ಆಯಿತು. ಇತ್ತ ಕಾನೂನು ಬೇರೆಯ ದಾರಿಯನ್ನು ಹಿಡಿಯಿತು. ಬೇಟೆಯ ಮೃಗಗಳನ್ನೂ ಮೀನುಗಳನ್ನೂ ಕಾಯುವ ಮೈಸೂರು ಸಂಸ್ಥಾನದ ನಿಬಂಧನೆಯು 1901ರಲ್ಲಿ ಬಂದಿತು. ಅದು ಮೃಗಗಳಿಗಾಗಿ ಮೃಗಗಳನ್ನು ಕಾಯ್ದದ್ದಕ್ಕಿಂತ ಬೇಟೆಗಾಗಿ ಕಾಯ್ದದ್ದೇ ಹೆಚ್ಚು. ಸ್ವತಂತ್ರ ಭಾರತದ 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮವು ಮೊದಲು ಲೈಸೆನ್ಸಿನ ಮೇಲೆ ಬೇಟೆಗೆ ಎಡೆಗೊಟ್ಟಿದ್ದು, 1991ರ ತಿದ್ದುಪಡಿಯು ಅದನ್ನೂ ತೆಗೆದುಹಾಕಿತು. ಮಾನಸೋಲ್ಲಾಸದ ಮೃಗಯಾವಿನೋದವು ಕಾನೂನಿನ ದೃಷ್ಟಿಯಲ್ಲಿ ಅಂದಿಗೆ ಮುಗಿಯಿತು. ಶಿಂಷೆಯು ಕಾವೇರಿಯನ್ನು ಸೇರುವ ಮಳವಳ್ಳಿ ತಾಲ್ಲೂಕಿನ ಕಾಡಿನ ಭಾಗವು 1987ರಲ್ಲಿ ಏರ್ಪಟ್ಟ ಕಾವೇರಿ ವನ್ಯಧಾಮಕ್ಕೆ ಸೇರಿತು. ಆದರೆ ಆ ಅಧಿನಿಯಮದ 11ನೆಯ ವಿಧಿಯಲ್ಲಿ ಒಕ್ಕಲಿಗನ ಅಹವಾಲಿಗೆ ಒಂದು ಕಿಂಡಿಯನ್ನು ಉಳಿಸಿದ್ದಾರೆ: ಮನುಷ್ಯನ ಪ್ರಾಣಕ್ಕಾಗಲಿ, ನಿಂತ ಪೈರೂ ಸೇರಿದಂತೆ ಅವನ ಸ್ವತ್ತಿಗಾಗಲಿ ಅಪಾಯಕಾರಿಯಾದ ಪ್ರಾಣಿಯನ್ನು ಅಧಿಕಾರಿಯ ಲಿಖಿತ ಅಪ್ಪಣೆಯಿಂದ ಕೊಲ್ಲಬಹುದು. ಅಪ್ಪಣೆಗೆ ಕಾಯಲಾರದವರು ಉರುಳನ್ನೂ ಸಿಡಿಮದ್ದನ್ನೂ ಇಡುವುದುಂಟು. ಕಾಳಿಯಂತೆ ಎದುರು ನಿಂತು ಕಾದಿ ಒಡನೆ ಸಾಯುವ ನ್ಯಾಯವು ಅಲ್ಲಿ ಇಲ್ಲ, ಮೇಯಲು ಬಂದ ದನದ ಬಾಯಿಗೂ ಆ ಮದ್ದು ಸಿಕ್ಕುತ್ತದೆ.

ಅದೇ ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ನದಿಗೆ ಸಮೀಪದಲ್ಲಿ, ಕೊಕ್ಕರೆ ಬೆಳ್ಳೂರು ಇದೆ. ಇಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಕಾಡಿನಲ್ಲಲ್ಲ, ಊರ ನಡುವಣ ಹುಣಿಸೆ ಆಲ ಅರಳಿ ಮರಗಳಲ್ಲಿ ಗೂಡುಕಟ್ಟಿ ಮರಿಮಾಡುತ್ತವೆ. ಹಕ್ಕಿಗಳನ್ನು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದು ಊರವರು ಹೇಳುತ್ತಾರೆ. ಅವು ಬರದ ವರ್ಷ ಮಳೆಬೆಳೆಗೆ ಕೇಡೆಂದು ನಂಬುತ್ತಾರೆ. ಅವುಗಳನ್ನು ಹೊಡೆಯುವುದಿಲ್ಲ, ಪರಸ್ಥಳದವರನ್ನು ಹೊಡೆಯಗೊಡುವುದಿಲ್ಲ. ಇದನ್ನು ಅಹಿಂಸಾವ್ರತದ ಫಲವೆಂದು ತಿಳಿಯುವುದು ತಪ್ಪು. ಊರಿನ ಜನರು ಮಾಂಸವನ್ನು ಬಿಟ್ಟವರೇನೂ ಅಲ್ಲ. ಇಲ್ಲಿ ಗೊರವನ ಶಾಪವೂ ಇಲ್ಲ, ಮುನಿಯ ಉಪದೇಶವೂ ಇಲ್ಲ. ನಂಟಿನ ಭಾವನೆಯೊಡನೆ ಲಾಭದ ತಿಳಿವಳಿಕೆಯೂ ಉಂಟು: ಮರದ ಕೆಳಗೆ ಗುಂಡಿ ತೋಡಿ ಹಕ್ಕಿಯ ಹಿಕ್ಕೆಯನ್ನು ಕೂಡಿಸಿ ಹೊಲಕ್ಕೆ ಗೊಬ್ಬರ ಮಾಡುತ್ತಿದ್ದರು. ಲಾಭದಿಂದಲೇ ಎಲ್ಲವೂ ನಡೆದೀತೆಂದಲ್ಲ. ಹುಣಿಸೆಯ ಫಸಲು ಹಕ್ಕಿಗಳಿಂದ ಕೆಡುವುದಕ್ಕಾಗಿ ಮರದ ಒಡೆಯರಿಗೆ ಅರಣ್ಯ ಇಲಾಖೆಯು ಪರಿಹಾರ ಕೊಡಬೇಕಾಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡುವ ಕೆಲಸವನ್ನು ಊರಿನವರೇ ಕೂಡಿದ ಹೆಜ್ಜಾರ್ಲೆ ಬಳಗವು ಕೈಕೊಂಡಿತು. 2007ರಲ್ಲಿ ಸರಕಾರವು ಈ ಸ್ಥಳವನ್ನು ಸಮುದಾಯ ಮೀಸಲು ಪ್ರದೇಶವೆಂದು ಸಾರಿತು. ತಲೆಮಾರುಗಳಿಂದ ಬಾಯಿಮಾತಿನಲ್ಲಿ ನಡೆದುಬಂದ ಕಟ್ಟಳೆಗೆ ಹೀಗೆ ಮೊದಲ ಬಾರಿಗೆ ಬರೆವಣಿಗೆಯ ರೂಪವು ಬಂದಿತು. ಅದೂ ಆತಕೂರಿನಂತೆ ಕಲ್ಲಿನಲ್ಲಲ್ಲ, ಸರಕಾರದ ಅಧಿಸೂಚನೆಯಲ್ಲಿ.